ಸಕಲವನ್ನೂ ಬಲ್ಲ ದೇವರಿಗೆ ಹೃದಯವನ್ನು ತೆರೆಯುವದೇಕೆ?

ನಮ್ಮ ಗ್ರಾಮಸಭೆಗಳಲ್ಲಿ ಪ್ರಾರ್ಥನೆಯ ವಿಷಯವಾಗಿ ಬೋಧನೆ ನಡೆಯುವಾಗ ಒಂದು ಪ್ರಶ್ನೆಯು ಹುಟ್ಟುವದುಂಟು. ದೇವರು ಸರ್ವಜ್ಞನಾಗಿದ್ದಾನಲ್ಲಾ; ನಾವು ಬಾಯಿ ತೆರೆಯುವದಕ್ಕೆ ಮುಂಚೆಯೇ ನಮ್ಮ ಮನಸ್ಸಿನಲ್ಲಿರುವದನ್ನು ಬಲ್ಲನಲ್ಲಾ; ಹೀಗಿರಲಾಗಿ ಹೃದಯವನ್ನು ಆತನಿಗೆ ತೆರೆಯಬೇಕೆಂದು ಹೇಳುವದರಲ್ಲಿ ಅರ್ಥವೇನು? ಹೀಗೆ ಕೇಳುವವರೆಲ್ಲರೂ ಕುಚೋದ್ಯಕ್ಕಾಗಿ ಕೇಳುವವರಲ್ಲ. ಆದದರಿಂದ ಇದನ್ನು ಸಾವಧಾನವಾಗಿ ವಿಚಾರಿಸೋಣ.

ಪ್ರಶ್ನೆಯು ಹೊಸದಲ್ಲ. ಆಫ್ರಿಕ ಖಂಡದ ಉತ್ತರ ತೀರದ ಹಿಪ್ಪೋ ಎಂಬ ಪಟ್ಟಣದಲ್ಲಿ ಸಭಾಧ್ಯಕ್ಷನಾಗಿದ್ದ ಅಗಸ್ಟೀನನು ಕ್ರಿ. ಶ. 400ರ ಸುಮಾರಿಗೆ ತನ್ನ ಪಾಪನಿವೇದನೆಗಳನ್ನು ಬರೆಯುವಾಗ ಇದನ್ನೇ ಕೇಳಿಕೊಂಡನು. ಮನುಷ್ಯನು ತನ್ನನ್ನು ಮರೆಮಾಡಿಕೊಂಡರೆ ಅವನು ದೇವರಿಗೆ ಮರೆಯಾಗುವದಿಲ್ಲ, ದೇವರೇ ಅವನಿಗೆ ಮರೆಯಾಗುತ್ತಾನೆ ಎಂಬದು ಅವನು ಕಂಡುಕೊಂಡ ಉತ್ತರ. ಅಂದರೆ, ನಾವು ಹೃದಯವನ್ನು ತೆರೆಯುವದು ದೇವರಿಗೆ ಸಮಾಚಾರವನ್ನು ತಿಳಿಸುವದಕ್ಕಲ್ಲ.

ಮತ್ತೇನಕ್ಕೆ? ಯಾದಗಿರಿಯಲ್ಲಿ ಮೆಥೋಡಿಸ್ಟ್ ಮಿಷನ್ನಿನವರು ಕಟ್ಟಿಸಿದ ಹೋಲ್‌ಸ್ಟನ್ ಆಸ್ಪತ್ರೆಯ ಹೆಸರನ್ನು ಈ ಸೀಮೆಯವರೆಲ್ಲರೂ ಬಲ್ಲರು. ಯಾವ ಆಸ್ಪತ್ರೆಯಲ್ಲಾದರೂ ಅನುಭವಶಾಲಿಯಾದ ವೈದ್ಯನು, ಕುಂಟುತ್ತಾ ಬರುವವನ ನಡಿಗೆಯಿಂದಲೇ ಹುಣ್ಣು ಎಲ್ಲಿದೆ ಎಂದು ಊಹಿಸಬಲ್ಲನು. ಆದರೂ ರೋಗಿಯು ನಾಚಿಕೆಯನ್ನು ಬಿಟ್ಟು ಬಟ್ಟೆಯನ್ನು ಸರಿಸುವ ತನಕ ವೈದ್ಯನ ತಿಳುವಳಿಕೆಯು ಅವನಿಗೆ ಔಷಧವಾಗುವದಿಲ್ಲ. ದೇವರ ದೃಷ್ಟಿಗೆ ಬೀಳುವದು ಒಂದು. ಆತನ ಕೈಗೆ ಒಪ್ಪಿಸಿಕೊಳ್ಳುವದು ಇನ್ನೊಂದು. ಮೊದಲನೆಯದು ನಮ್ಮನ್ನು ಕೇಳದೆಯೇ ನಡೆಯುತ್ತದೆ. ಎರಡನೆಯದಕ್ಕೆ ನಮ್ಮ ಸಮ್ಮತಿ ಬೇಕು. ಯಾಕಂದರೆ ಪ್ರೀತಿಯು ಬಲಾತ್ಕಾರದಿಂದ ಒಳಗೆ ನುಗ್ಗುವಂಥದಲ್ಲ. ಪ್ರಕಟನೆಯ ಗ್ರಂಥದಲ್ಲಿ ಕರ್ತನು ಬಾಗಿಲ ಬಳಿಯಲ್ಲಿ ನಿಂತು ತಟ್ಟುತ್ತಾನೆಯೇ ಹೊರತು ಕದವನ್ನು ಮುರಿಯುವದಿಲ್ಲ.

ಇದರಿಂದ, ತೆರೆಯುವದೇ ನಮ್ಮ ಪುಣ್ಯವೆಂದು ಯಾರೂ ತಿಳಿಯಬಾರದು. ವಡಗೇರಾ ಸೀಮೆಯು ಕೃಷ್ಣಾ ಭೀಮಾ ನದಿಗಳ ನಡುವೆ ಇದ್ದರೂ ಅಲ್ಲಿಯ ಎರೆಹೊಲಗಳು ಬಹುಕಾಲ ಮಳೆಯನ್ನೇ ನೋಡಿಕೊಂಡಿದ್ದವು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಸಿದ್ಧವಾದ ಮೇಲೆ ಎಡದಂಡೆಯ ಕಾಲುವೆಯಿಂದ ಈ ಕಡೆಗೆ ನೀರು ಬರುವದಕ್ಕೆ ಮಾರ್ಗವಾಯಿತು. ಒಕ್ಕಲಿಗನು ನೀರನ್ನು ಹುಟ್ಟಿಸುವದಿಲ್ಲ. ಬಂದ ನೀರಿಗೆ ಬದುವನ್ನು ಕಡಿದು ದಾರಿಬಿಡುತ್ತಾನೆ, ಅಷ್ಟೇ. ಆದರೆ ಹೊಲದ ಮೂಲೆಯಲ್ಲಿ ದಿಬ್ಬವಿದ್ದರೆ ಕಾಲುವೆಯು ತುಂಬಿ ಹರಿದರೂ ಆ ಮೂಲೆಯು ಒಣಗಿಯೇ ಇರುವದು. ನೀರಿನ ಕೊರತೆಯಿಂದಲ್ಲ, ನೆಲವು ತಗ್ಗದೆ ಇದ್ದದರಿಂದ.

ಇಲ್ಲಿಯೇ ನಮ್ಮ ಕಷ್ಟವಿರುವದು. ಹೃದಯವನ್ನು ಸಂಪೂರ್ಣವಾಗಿ ಮುಚ್ಚಿಕೊಂಡವರು ಆರಾಧನೆಗೆ ಬರುವದೇ ಅಪರೂಪ. ಬರುವವರಾದ ನಾವು ಪಡಸಾಲೆಯನ್ನು ತೆರೆದು ಒಳಕೋಣೆಗೆ ಬೀಗ ಹಾಕುವವರು. ಅಗಸ್ಟೀನನು ಯೌವನದಲ್ಲಿ ಶುದ್ಧತ್ವವನ್ನು ಬೇಡಿಕೊಂಡನಾದರೂ ಅದು ಬೇಗನೆ ದೊರೆತೀತೆಂದು ಹೆದರಿದನಂತೆ. ಅನನೀಯನೂ ಸಪ್ಫೈರಳೂ ಹೊಲವನ್ನು ಮಾರಿದ ಹಣದಲ್ಲಿ ಒಂದು ಭಾಗವನ್ನು ಇಟ್ಟುಕೊಂಡದ್ದು ತಾನೇ ಅಪರಾಧವಲ್ಲ, ಅದು ಅವರ ಸ್ವಾಧೀನದಲ್ಲಿಯೇ ಇತ್ತೆಂದು ಪೇತ್ರನು ಹೇಳಿದನು. ಎಲ್ಲವನ್ನೂ ಕೊಟ್ಟವರಂತೆ ತೋರಿಸಿಕೊಂಡದ್ದೇ ಅಪರಾಧ.

ನಮ್ಮ ಒಳಕೋಣೆಗಳಲ್ಲಿ ಏನಿದೆ? ಕರ್ತನ ಭೋಜನದಲ್ಲಿ ಒಂದೇ ರೊಟ್ಟಿಯಲ್ಲಿ ಪಾಲುಗಾರರಾಗಿ, ಮನೆಗೆ ಹೆಣ್ಣು ತರುವಾಗ ಹಳೆಯ ಜಾತಿಯ ಲೆಕ್ಕವನ್ನು ಬಿಚ್ಚುವ ಮನಸ್ಸಿದೆ. ಅಣ್ಣತಮ್ಮಂದಿರ ನಡುವಣ ಬದುವಿನ ವ್ಯಾಜ್ಯವಿದೆ. ತೀರಿಸುವ ಶಕ್ತಿಯಿದ್ದರೂ ತೀರಿಸದ ಸಾಲವಿದೆ. ಬೇಸಗೆಯಲ್ಲಿ ಬೆಂಗಳೂರಿಗೆ ಗುಳೇ ಹೋದ ಮಗನು ಕಳುಹಿಸಿದ ಕೂಲಿಯು ಸಾರಾಯಿಗೆ ಹೋದ ಸಂಗತಿಯಿದೆ. ಇವುಗಳನ್ನು ಬಿಟ್ಟು ಮಿಕ್ಕದ್ದನ್ನೆಲ್ಲಾ ಪ್ರಾರ್ಥನೆಯಲ್ಲಿ ಹೇಳುವದು ನಮಗೆ ರೂಢಿಯಾಗಿದೆ.

ಯೆರಿಕೋ ಪಟ್ಟಣದ ಜಕ್ಕಾಯನು ಯೇಸು ಸ್ವಾಮಿಯನ್ನು ಮೊದಲು ಮನೆಯೊಳಗೆ ಸೇರಿಸಿಕೊಂಡನು. ಸ್ವಾಮಿಯು ಹಣದ ಪೆಟ್ಟಿಗೆಯ ಮಾತನ್ನೆತ್ತಿದನೆಂದು ಲೂಕನು ಬರೆದಿಲ್ಲ. ಜಕ್ಕಾಯನು ತಾನಾಗಿಯೇ ಅದನ್ನು ತೆರೆದನು. ಅರ್ಧ ಆಸ್ತಿಯು ಬಡವರಿಗೆ, ಅನ್ಯಾಯವಾಗಿ ಕಸಕೊಂಡದ್ದಕ್ಕೆ ನಾಲ್ಕರಷ್ಟು. ದೇವರ ಕಡೆಗೆ ನಿಜವಾಗಿ ತೆರೆದ ಬಾಗಿಲು ನೆರೆಯವನ ಕಡೆಗೂ ತೆರೆಯುವದೆಂಬದಕ್ಕೆ ಇದೇ ಗುರುತು.

ಆದರೆ ಇನ್ನೊಂದು ಮಾತನ್ನೂ ಹೇಳುವದು ಅವಶ್ಯ. ದೇವರಿಗೆ ಹೃದಯವನ್ನು ತೆರೆಯಬೇಕೆಂದರೆ ಊರ ಕಟ್ಟೆಯ ಮೇಲೆ ಅದನ್ನು ಹರಡಬೇಕೆಂದಲ್ಲ. ಹನ್ನಳು ಆಲಯದಲ್ಲಿ ತನ್ನ ದುಃಖವನ್ನು ಹೊಯ್ದುಕೊಂಡಾಗ ತುಟಿಗಳು ಮಾತ್ರ ಅಲ್ಲಾಡಿದವು, ಶಬ್ದವು ಕೇಳಿಸಲಿಲ್ಲ. ಯಾಜಕನಾದ ಏಲಿಯು ಅವಳನ್ನು ಕುಡುಕಳೆಂದು ತಿಳಿದನು. ನೊಂದವರ ಗುಟ್ಟನ್ನು ಬಲವಂತವಾಗಿ ಹೊರಗೆಳೆಯುವ ಅಧಿಕಾರವು ಬೋಧಕರಿಗಾಗಲಿ ಹಿರಿಯರಿಗಾಗಲಿ ಇಲ್ಲ. ನೆರೆಯವನಿಗೆ ಅನ್ಯಾಯ ಮಾಡಿದವನು ಅವನ ಬಳಿಗೆ ಹೋಗಿ ಒಪ್ಪಿಕೊಳ್ಳಲಿ. ದೇವರ ಮುಂದೆ ಮಾತ್ರ ಹೇಳತಕ್ಕದ್ದನ್ನು ದೇವರ ಮುಂದೆಯೇ ಹೇಳಲಿ.

ಸಹೋದರ ಸಹೋದರಿಯರೇ, ಈ ರಾತ್ರಿ ದೀಪವನ್ನು ಆರಿಸುವ ಮುಂಚೆ, ದಿನವೂ ಹೇಳುವ ಬಿನ್ನಹಗಳನ್ನು ಕ್ಷಣಕಾಲ ನಿಲ್ಲಿಸಿ, ಇಷ್ಟು ದಿನ ಹೇಳದೆ ಬಿಟ್ಟದ್ದು ಯಾವದೆಂದು ವಿಚಾರಿಸಿಕೊಳ್ಳೋಣ. ಅದನ್ನು ಮೊದಲು ಹೆಸರುಗೊಂಡು ಹೇಳೋಣ. ಅದರಿಂದ ದೇವರಿಗೆ ಆಶ್ಚರ್ಯವಾಗದು. ಆತನು ಆ ಕೋಣೆಯನ್ನು ಬಲ್ಲವನಾಗಿಯೇ ನಮ್ಮ ಮನೆಯ ಬಾಗಿಲಿಗೆ ಬಂದಿದ್ದಾನೆ.