ಬಣ್ಣದ ಕೆಳಗಿನ ಲೇಪ

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಯನ್ನು ಕೈಗೆತ್ತಿಕೊಂಡಾಗ ನಾವು ಮೆಚ್ಚುವುದು ಅದರ ಬಣ್ಣವನ್ನು. ಬಣ್ಣಕ್ಕೆ ಮುಂಚಿನ ದುಡಿಮೆ ಕಣ್ಣಿಗೆ ಬೀಳುವುದಿಲ್ಲ. ಚಿತ್ರಗಾರರು ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಗೋಣಿಚಿಂದಿ, ಮರದ ಹೊಟ್ಟು ಸೇರಿಸಿ ಕಲಸಿದ ‘ಕಿಟ್ಟ’ ಮೆತ್ತುತ್ತಾರೆ. ಕಲ್ಲುಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿಯುತ್ತಾರೆ. ಅದು ಒಣಗಿದ ಮೇಲೆಯೇ ಬಣ್ಣ.

ಈ ಲೇಪ ತೆಳುವಾದರೆ ಕೊಳ್ಳುವವರಿಗೆ ತಿಳಿಯದು. ಬಣ್ಣ ಎದ್ದುಬರುವ ಹೊತ್ತಿಗೆ ಗೊಂಬೆ ಯಾರದೋ ಮನೆಯ ಗೂಡಿನಲ್ಲಿರುತ್ತದೆ. ಕಾಣದ ಕಡೆ ಕೈಬಿಗಿ ಹಿಡಿಯುವುದು ಮೋಸವಲ್ಲವೇ? ಮೋಸವೇ ಸರಿ. ಆದರೆ ಅದರಲ್ಲಿ ನಮ್ಮ ಪಾಲೆಷ್ಟು? ಹೊಳಪು ಕುಂದಬಾರದು, ಬೆಲೆ ಮಾತ್ರ ಇಳಿಯಬೇಕೆಂದು ಚೌಕಾಶಿಗೆ ನಿಲ್ಲುವವರು ನಾವೇ ತಾನೆ? ಆಗ ಕುಶಲಕರ್ಮಿಗೆ ಉಳಿಯುವ ದಾರಿ ಎರಡೇ: ಲೇಪವನ್ನು ತೆಳುಗೊಳಿಸುವುದು, ಇಲ್ಲವೇ ತನ್ನ ಕೂಲಿಯನ್ನು ಇಳಿಸಿಕೊಳ್ಳುವುದು. ಎರಡನೆಯದನ್ನು ಆರಿಸಿಕೊಂಡವನನ್ನು ಪ್ರಾಮಾಣಿಕನೆಂದು ಹೊಗಳಿ, ಗೊಂಬೆಯನ್ನು ಕಾಗದದಲ್ಲಿ ಸುತ್ತಿಸಿಕೊಂಡು ಹೊರಡುತ್ತೇವೆ.