ಅನಾಥ ಮಾರ್ಜಾಲಶಿಶುವೂ ಶ್ರಾವಕಧರ್ಮವೂ

ಬಸದಿಯ ಉಗ್ರಾಣದಲ್ಲೋ ಮನೆಯ ಹಿತ್ತಿಲಿನ ಸೌದೆಯ ಒಟ್ಟಿಲಲ್ಲೋ ಕಣ್ಣು ತೆರೆಯದ ಬೆಕ್ಕಿನ ಮರಿಯೊಂದು ತಾಯಿಯಿಲ್ಲದೆ ಕೂಗುತ್ತಿದ್ದರೆ ಶ್ರಾವಕನ ಕರ್ತವ್ಯವೇನು? ಪ್ರಾಣವುಳಿಸುವುದು ಅಭಯದಾನವೆಂದು ಬಾಲಕನೂ ಹೇಳಬಲ್ಲನು. ಆದರೆ ಬೆಕ್ಕು ಸ್ವಭಾವತಃ ಮಾಂಸಾಹಾರಿ. ಇಂದು ಉಳಿದ ಈ ಜೀವ ನಾಳೆ ಇಲಿ, ಹಲ್ಲಿ, ಗುಬ್ಬಿಗಳ ಜೀವ ತೆಗೆಯಬಹುದು. ಆ ಹಿಂಸೆಯ ಪಾಲು ಸಾಕಿದವನಿಗೂ ಬರುವುದೇ?

ಈ ಶಂಕೆ ಹೊಸದಲ್ಲ. ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸಿದೆ. ಅಮೃತಚಂದ್ರಾಚಾರ್ಯರಾದರೋ ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಒಂದು ಹಿಂಸ್ರಜೀವಿಯನ್ನು ಕೊಂದರೆ ಅನೇಕ ಜೀವಗಳು ಉಳಿಯುತ್ತವೆಂಬ ವಾದವನ್ನು ನಿರಾಕರಿಸಿದ್ದಾರೆ. ಕೊಲ್ಲುವುದಕ್ಕೆ ಸಲ್ಲದ ಈ ಲೆಕ್ಕಾಚಾರ, ಸಾಯಲು ಬಿಡುವುದಕ್ಕೆ ಹೇಗೆ ಸಲ್ಲೀತು? ಎರಡನ್ನೂ ಕೂಡಿಸಿ ನೋಡಿದಾಗ ಭೇದವಿರುವುದು ಭಾವದಲ್ಲಿ ಎಂಬುದು ತಿಳಿಯುತ್ತದೆ. ಇಲಿಗಳ ಕಾಟ ತಪ್ಪಲೆಂದು ಬೆಕ್ಕನ್ನು ತಂದಿಡುವುದು ಆಯುಧವನ್ನು ತಂದಿಟ್ಟಂತೆ. ಸಾಯುತ್ತಿರುವ ಶಿಶುವನ್ನು ಎತ್ತಿಕೊಳ್ಳುವುದು ಕರುಣೆ. ದೆಹಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯು ಹದ್ದು, ಗಿಡುಗಗಳನ್ನು ಒಳಗೆ ಇರಿಸಿಕೊಳ್ಳದಿದ್ದರೂ ಅವುಗಳಿಗೆ ಹೊರರೋಗಿಗಳಾಗಿ ಚಿಕಿತ್ಸೆ ನೀಡುತ್ತ ಬಂದಿರುವುದು ಇಲ್ಲಿ ಗಮನಾರ್ಹ.

ಆದರೆ ಜ್ಞಾನವಿಲ್ಲದ ಕರುಣೆ ಹಿಂಸೆಯಾಗಿ ಪರಿಣಮಿಸುವುದುಂಟು. ತಾಯಿಬೆಕ್ಕು ಆಹಾರ ಹುಡುಕಲು ಹೋಗಿರಬಹುದು, ಇಲ್ಲವೆ ಮರಿಗಳನ್ನು ಒಂದೊಂದಾಗಿ ಬೇರೆಡೆಗೆ ಒಯ್ಯುತ್ತಿರಬಹುದು. ಮರಿ ಅಪಾಯದಲ್ಲಿಲ್ಲದಿದ್ದರೆ ಕೆಲವು ಗಂಟೆ ದೂರದಿಂದ ಕಾಯಬೇಕು. ಅವಸರದಿಂದ ಎತ್ತಿದವನು ತಾನೇ ಅದನ್ನು ಅನಾಥವನ್ನಾಗಿಸುತ್ತಾನೆ.

ತಾಯಿ ಬಾರದಿದ್ದರೆ ಮೊದಲು ಬೇಕಾದುದು ಹಾಲಲ್ಲ, ಶಾಖ. ಮೊದಲ ವಾರಗಳಲ್ಲಿ ಮರಿಗೆ ತನ್ನ ದೇಹದ ಉಷ್ಣತೆಯನ್ನು ಕಾಪಾಡಿಕೊಳ್ಳುವ ಶಕ್ತಿಯಿರುವುದಿಲ್ಲ. ಮೈ ತಣ್ಣಗಿರುವಾಗ ಕುಡಿಸಿದ ಹಾಲು ಜೀರ್ಣವಾಗದು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿ ಮಲಗಿಸಿ, ಮೈ ಬೆಚ್ಚಗಾದ ಮೇಲೆ ಉಣಿಸಬೇಕು. ಹಸುವಿನ ಹಾಲು ಭೇದಿಗೆ ಕಾರಣವಾಗುವುದರಿಂದ, ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿಯನ್ನು ಪಶುವೈದ್ಯರನ್ನು ಕೇಳಿ ತರುವುದು ಉಚಿತ. ಮೊದಲ ವಾರ ರಾತ್ರಿಯೂ ಸೇರಿದಂತೆ 2-3 ಗಂಟೆಗೊಮ್ಮೆ, ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸಬೇಕು. ಮಾನವಶಿಶುವಿನಂತೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶವನ್ನು ಸೇರಬಹುದು. ಸುಮಾರು 3 ವಾರಗಳವರೆಗೆ ಮರಿ ತಾನಾಗಿ ಮಲಮೂತ್ರ ವಿಸರ್ಜಿಸಲಾರದು. ತಾಯಿ ನೆಕ್ಕಿ ಮಾಡಿಸುವ ಆ ಕಾರ್ಯವನ್ನು ಪ್ರತಿ ಉಣಿಸಿನ ಹೊತ್ತಿಗೂ ಬೆಚ್ಚನೆಯ ಒದ್ದೆ ಹತ್ತಿಯಿಂದ ಮೃದುವಾಗಿ ಒರೆಸಿ ಮಾಡಿಸಬೇಕು.

4ನೆಯ ವಾರದ ಹೊತ್ತಿಗೆ ಶೌಚದ ಅಭ್ಯಾಸ ಆರಂಭವಾಗುತ್ತದೆ. ಅಂಚು ತಗ್ಗಾಗಿರುವ ತಟ್ಟೆಯಲ್ಲಿ, ನೀರು ತಗುಲಿದರೆ ಗಟ್ಟಿಯಾಗದಂತಹ ಮರಳನ್ನು ಹರಡಿ, ಉಂಡ ಕೂಡಲೇ ಮರಿಯನ್ನು ಅದರಲ್ಲಿ ಬಿಡಬೇಕು. ಕೆದಕಿ ಮುಚ್ಚುವುದು ಅದಕ್ಕೆ ಸಹಜವಾಗಿಯೇ ಬರುತ್ತದೆ. ತಪ್ಪಿದಾಗ ಹೊಡೆಯುವುದು, ಮೂತಿಯನ್ನು ಹೊಲಸಿಗೆ ಉಜ್ಜುವುದು ನಿಷ್ಫಲ. ಮೇಲಾಗಿ ಹೊಡೆಯುವುದು ಅಹಿಂಸಾಣುವ್ರತದ ‘ವಧ’ವೆಂಬ ಅತಿಚಾರವೇ ಸರಿ. ಹೊಲಸನ್ನು ಒರೆಸಿದ ಬಟ್ಟೆಯನ್ನು ಮರಳಿನಲ್ಲಿಟ್ಟರೆ ಮರಿ ವಾಸನೆಯಿಂದಲೇ ಸ್ಥಳವನ್ನು ಗುರುತಿಸುತ್ತದೆ. ಮಲವನ್ನು ದಿನವೂ ತೆಗೆಯಬೇಕು, ಗರ್ಭಿಣಿಯರು ಈ ಕೆಲಸ ಮಾಡಬಾರದು. ಅದನ್ನು ಜೀವಿಗಳಿಗೆ ಬಾಧೆಯಾಗದಂತೆ ವಿಸರ್ಜಿಸುವಾಗ ಮುನಿಗಳ ಉತ್ಸರ್ಗ ಸಮಿತಿ ಶ್ರಾವಕನಿಗೂ ಆದರ್ಶವಾಗಬಲ್ಲದು.

ಅತ್ಯಂತ ಕಠಿಣವಾದ ಪ್ರಶ್ನೆ ಹಾಲು ಬಿಟ್ಟ ಮೇಲಿನದು. ಹಾಲು ಅನ್ನವನ್ನೇ ಕೊಟ್ಟು ಬೆಕ್ಕನ್ನು ಸಸ್ಯಾಹಾರಿಯನ್ನಾಗಿ ಮಾಡಿದೆವೆಂಬ ತೃಪ್ತಿ ಕೆಲವು ಮನೆಗಳಲ್ಲಿದೆ. ಟಾರಿನ್ ಎಂಬ ಪೋಷಕಾಂಶದ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ ಕ್ಷಯಿಸುವುದೆಂದು 1975ರಲ್ಲಿಯೂ ಹೃದಯ ದುರ್ಬಲವಾಗುವುದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿದ್ದಾರೆ. ಅಂದಮೇಲೆ ಹಾಲನ್ನದಿಂದ ಹೊಟ್ಟೆ ತುಂಬಿಸಿ ಕಣ್ಣು ಕಳೆಯುವುದು ‘ಅನ್ನಪಾನನಿರೋಧ’ದ ಇನ್ನೊಂದು ರೂಪವಲ್ಲವೆ? ಮಾಂಸವನ್ನು ತಂದು ಹಾಕುವುದಾದರೋ ಕೃತ, ಕಾರಿತ, ಅನುಮೋದನೆಗಳ ದೋಷಕ್ಕೆ ಒಳಗಾಗುತ್ತದೆ.

ಆದುದರಿಂದ ಸಂಕಟಕಾಲದಲ್ಲಿ ಮರಿಯನ್ನು ರಕ್ಷಿಸಿ, ಹಾಲಿನ ಅವಧಿ ಮುಗಿದೊಡನೆ, ಸುಮಾರು 8 ವಾರದ ಹೊತ್ತಿಗೆ, ಅದಕ್ಕೆ ತಕ್ಕ ಆಹಾರ ಕೊಟ್ಟು ಸಾಕಬಲ್ಲ ಅನ್ಯರಿಗೆ ಒಪ್ಪಿಸುವುದು ಶ್ರಾವಕನಿಗೆ ಯುಕ್ತವೆನಿಸುತ್ತದೆ. ಸಕಾಲದಲ್ಲಿ ಲಸಿಕೆ, ಸಂತಾನಹರಣ ಚಿಕಿತ್ಸೆ ಮಾಡಿಸುವಂತೆಯೂ ಬೇಟೆಗೆ ಹೊರಗೆ ಬಿಡದಂತೆಯೂ ಅವರಲ್ಲಿ ಕೇಳಿಕೊಳ್ಳಬೇಕು. ದೋಷವನ್ನು ಪರರ ಮನೆಗೆ ಸಾಗಿಸಿದಂತಾಗಲಿಲ್ಲವೇ ಎಂದು ಕೇಳಬಹುದು. ಪೂರ್ಣವಾಗಿ ತಪ್ಪಿತೆಂದು ಹೇಳಲಾಗದು. ಗೃಹಸ್ಥನ ಅಹಿಂಸೆ ಅಣುವ್ರತ, ಮಹಾವ್ರತವಲ್ಲ. ಉಳಿಯುವ ದೋಷವನ್ನು ಅರಿತು ಕಿರಿದುಗೊಳಿಸುವುದೇ ಅವನ ಸಾಧನೆ. ಟ್ರಸ್ಟುಗಳು ಸಮೀಪದ ಪಶುವೈದ್ಯರ ಹಾಗೂ ಪ್ರಾಣಿರಕ್ಷಣಾ ಸಂಸ್ಥೆಗಳ ವಿಳಾಸವನ್ನು ಬಸದಿಯ ಕಚೇರಿಯಲ್ಲಿ ಬರೆದಿಟ್ಟರೆ, ರಾತ್ರಿಯಲ್ಲಿ ಕೂಗುವ ಮರಿಯ ಮುಂದೆ ಯಾವ ಕುಟುಂಬವೂ ದಿಕ್ಕುತೋಚದೆ ನಿಲ್ಲಬೇಕಾಗದು.