ಶಿಲಾಫಲಕದ ಮೇಲಣ ಕಿರುವನ

ಚಪ್ಪಟೆಯಾದ ಕಲ್ಲಿನ ಹಲಗೆಯೊಂದರ ಮೇಲೆ ಏಳೋ ಒಂಬತ್ತೋ ಕುಬ್ಜವೃಕ್ಷಗಳನ್ನು ನಿಲ್ಲಿಸಿ ಅರಣ್ಯದ ನೋಟವನ್ನು ಮೂಡಿಸುವ ಕಲೆ ಜಪಾನಿನಲ್ಲಿ ಬೆಳೆದು ಬಂದಿದೆ. ಬೋನ್ಸಾಯ್ ವಿದ್ಯೆಯಲ್ಲಿ ಇದಕ್ಕೆ ‘ಯೊಸೆ-ಉಎ’ ಎಂದು ಹೆಸರು. ಸಸಿಗಳ ಬೇರಿನ ಬಹುಭಾಗವನ್ನು ಕತ್ತರಿಸಿ, ಕಲ್ಲಿಗೆ ಅಂಟಿಸಿದ ತಂತಿಗಳಿಂದ ಉಳಿದ ಬೇರನ್ನು ಬಿಗಿಯುತ್ತಾರೆ. ಅಂಚಿಗೆ ಜಿಗುಟು ಕೆಸರಿನ ಕಟ್ಟೆ. ಒಳಗೆ ನೀರು ಬಸಿಯುವ ಮಣ್ಣು. ಮೇಲೆ ಹಾವಸೆಯ ಹೊದಿಕೆ. ದಪ್ಪನೆಯ ಎತ್ತರದ ಮರವನ್ನು ಮುಂದಕ್ಕೆ, ನಡುವಿನಿಂದ ತುಸು ಸರಿಸಿ ನೆಟ್ಟು, ಸಣ್ಣವನ್ನು ಹಿಂದಿಟ್ಟರೆ ಕಾಡು ದೂರದವರೆಗೆ ಹಬ್ಬಿದಂತೆ ತೋರುತ್ತದೆ. ಅಮೆರಿಕದ ಜಾನ್ ನಾಕಾ ಅವರ ‘ಗೋಶಿನ್’ ಎಂಬ ಕಿರುವನ ಲೋಕಪ್ರಸಿದ್ಧ. ಅದರ 11 ಜುನಿಪರ್ ಮರಗಳು ಅವರ ಹನ್ನೊಂದು ಮಂದಿ ಮೊಮ್ಮಕ್ಕಳ ಸಂಕೇತಗಳು.

ಅಣುವ್ರತಧಾರಿಯಾದ ಶ್ರಾವಕನು ಇದನ್ನು ಮಾಡಬಹುದೇ? ಸ್ಥಾವರ ಜೀವಗಳ ಹಿಂಸೆಯಿಂದ ಗೃಹಸ್ಥನು ಸಂಪೂರ್ಣವಾಗಿ ವಿರತನಾಗಲಾರನು. ಉಳದೆ, ಅಡದೆ ಸಂಸಾರ ನಡೆಯದು. ಆದರೆ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ನಿಷ್ಫಲವಾದ ವನಸ್ಪತಿಚ್ಛೇದನವನ್ನು ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಬೆಳೆಸುವವನು, “ಇದು ನಿಷ್ಫಲವಲ್ಲ, ನಾನು ಮರವನ್ನು ಕೊಲ್ಲಲಿಲ್ಲ, ಸಾಕಿದ್ದೇನೆ” ಎನ್ನುತ್ತಾನೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಕಲ್ಲಿನ ಮೇಲಣ ತೆಳುಮಣ್ಣು ಬೇಗ ಒಣಗುವುದರಿಂದ ಬೇಸಿಗೆಯಲ್ಲಿ ಒಂದು ದಿನ ಮರೆತರೂ ಗಿಡ ಉಳಿಯದು. ಜಪಾನಿನ ಯಮಾಕಿ ಮನೆತನದವರು 1976ರಲ್ಲಿ ಅಮೆರಿಕಕ್ಕೆ ಕೊಟ್ಟ ಪೈನ್ ಮರವು 1625ರಿಂದ ಕುಂಡದಲ್ಲೇ ಬೆಳೆದುದು. 1945ರ ಹಿರೋಶಿಮಾ ಬಾಂಬಿನಿಂದಲೂ ಪಾರಾದುದು. ತಲೆಮಾರುಗಳ ಆರೈಕೆಯಿಲ್ಲದೆ ಇದು ಸಾಧ್ಯವೇ?

ಅಲ್ಪಾಹಾರ, ಅಲ್ಪಸ್ಥಳ, ದೀರ್ಘಾಯುಷ್ಯಗಳನ್ನು ಕಂಡು ಈ ಮರವನ್ನು ತಪಸ್ವಿಗೆ ಹೋಲಿಸಲು ಯಾರಿಗಾದರೂ ಮನಸ್ಸಾದೀತು. ಇದನ್ನು ಮಾತ್ರ ನಾನು ಒಪ್ಪಲಾರೆ. ತಪಸ್ಸೆಂದರೆ ಇಚ್ಛಾನಿರೋಧ, ತನ್ನ ಇಚ್ಛೆಯನ್ನು ತಾನೇ ತಡೆಯುವುದು. ಮರದ ಮಿತಿಯನ್ನು ತಂತಿ ಗೊತ್ತುಮಾಡಿದೆ. ಬಂಧ, ಛೇದ, ಅನ್ನಪಾನನಿರೋಧಗಳು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಕೆಯಾಗಿವೆ. ಅವು ದನಕರುಗಳಂತಹ ತ್ರಸಜೀವಿಗಳನ್ನು ಕುರಿತವು. ಗಿಡದವರೆಗೆ ಅವನ್ನು ಎಳೆಯುವುದು ನನ್ನ ಉದ್ದೇಶವಲ್ಲ. ಮನುಷ್ಯರ ಮಕ್ಕಳವರೆಗೆ ಎಳೆಯಬಹುದಷ್ಟೆ? ದಶಲಕ್ಷಣ ಪರ್ವದಲ್ಲಿ ಎಂಟು ವರ್ಷದ ಕೂಸಿನಿಂದ ಉಪವಾಸ ಮಾಡಿಸಿ, ಸಂಜೆ ಬಸದಿಯಲ್ಲಿ ನೆಂಟರೆದುರು ನಿಲ್ಲಿಸುವ ತಂದೆತಾಯಿಗಳಿದ್ದಾರೆ. ಮಗು ತಾನಾಗಿ ಬೇಡಿ ಒಂದು ಹೊತ್ತು ಬಿಟ್ಟರೆ ಅದು ವ್ರತದ ಅಭ್ಯಾಸ. ಹೊಗಳಿಕೆಗಾಗಿ ಹಸಿವನ್ನು ಅದುಮಿಸಿದರೆ ಆ ಉಪವಾಸ ಯಾರದು? ಹಾಗೆ ಪಳಗಿದ ಮಗು ನೋಡಲು ಚೆನ್ನಾಗಿಯೇ ಇರುತ್ತದೆ. ಕಲ್ಲಿನ ಮೇಲಣ ಕಾಡೂ ಚೆನ್ನಾಗಿದೆ.

ಈಗಾಗಲೇ ಮನೆಯಲ್ಲಿ ಇಂತಹ ವನವಿದ್ದವರು ಅದನ್ನು ಕಿತ್ತೆಸೆಯತಕ್ಕದ್ದಲ್ಲ. ಅದು ಮತ್ತೊಂದು ಹಿಂಸೆ. ಹೊಸದನ್ನು ಕಟ್ಟದಿರಲಿ. ತಂತಿ ತೊಗಟೆಯೊಳಗೆ ಇಳಿಯುವ ಮೊದಲೇ ಬಿಚ್ಚಲಿ. ತೀರ್ಥಯಾತ್ರೆಗೆ ಹೊರಡುವಾಗ ನೀರೆರೆಯುವ ಕೆಲಸವನ್ನು ನೆರೆಯವರಿಗೆ ಒಪ್ಪಿಸಿ ಹೋಗಲಿ.